ಕುಬಸದ ಚೀಲದಲ್ಲಿ ಗುಳಿಗೆ ಇರಲಿಲ್ಲ

ಗದಗಿನಿಂದ ಬೆಳಗಿನ ರೈಲು ಹಿಡಿದು ಹುಬ್ಬಳ್ಳಿ. ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ತಿಂಗಳಿಗೆ ಎರಡು ಶನಿವಾರದಂತೆ ಆರು ತಿಂಗಳು ಈ ದಾರಿಯಲ್ಲಿ ಓಡಾಡಿದೆ. ಕಲಿಯಲು ಹೋಗುತ್ತಿದ್ದದ್ದು ಇಂಪ್ಲಿಮೆಂಟೇಶನ್ ಸೈನ್ಸ್, ಅಂದರೆ ಅನುಷ್ಠಾನ ವಿಜ್ಞಾನ. ಇಳಿವಯಸ್ಸಿನ ಅವ್ವ ಒಂದಿನ ಕೇಳಿದಳು, ಅಷ್ಟು ದೂರ ಏನ್ ಕಲಿಯಾಕ ಹೊಕ್ಕಿ ಅಂತ.

"ಗುಳಿಗಿ ಕೆಲಸ ಮಾಡ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ ಬೇ. ಆದ್ರ ಅದು ಹೊಟ್ಟಿಗೆ ಯಾಕ ಹೋಗವಲ್ದು ಅಂತ ಕಲಿಯಾಕ ಹೊಂಟೇನಿ."

"ಅದಕ್ಕೂ ಒಂದು ಸಾಲಿ ಐತೇನು?"

ಐತಿ. ಆ ಸಾಲಿಯಲ್ಲಿ ನನಗೆ ಏನಾಯಿತು ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಎಂಟು ವರ್ಷಗಳಿಂದ ಬಸುರಿ ಹೆಣ್ಣುಮಕ್ಕಳ ರಕ್ತಹೀನತೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಹಿಂದೆ ಮುಂಡರಗಿ ಕಡೆಯ ನಾಲ್ಕು ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದ್ದೆ. ನಮ್ಮ ಹುಡುಗಿಯರು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಕಬ್ಬಿಣದ ಗುಳಿಗೆ ಎಣಿಸುತ್ತಿದ್ದರು. ಕೂತು ಮಾತಾಡುತ್ತಿದ್ದರು. ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಗುಳಿಗೆ ನುಂಗಿದ ದಿನಕ್ಕೆ ಒಂದು ಕೆಂಪು ಟಿಕ್ಕಿ ಹಚ್ಚಿಸುತ್ತಿದ್ದರು. ಹಿಮೋಗ್ಲೋಬಿನ್ ಏರಿತು. ಪೇಪರ್ ಅಚ್ಚಾಯಿತು. ಯೋಜನೆಯ ದುಡ್ಡು ಮುಗಿಯಿತು, ಹುಡುಗಿಯರು ಬೇರೆ ಬೇರೆ ಕೆಲಸ ಹಿಡಿದರು. ಎರಡು ವರ್ಷ ಬಿಟ್ಟು ಬೇರೆ ಯಾವುದೋ ಕೆಲಸಕ್ಕೆ ಅದೇ ಊರಿಗೆ ಹೋದೆ. ಒಂದು ಮನೆಯ ಪಡಸಾಲೆಯಲ್ಲಿ ನಮ್ಮ ಕ್ಯಾಲೆಂಡರ್ ಇನ್ನೂ ಮೊಳೆಗೆ ತೂಗುತ್ತಿತ್ತು. ಟಿಕ್ಕಿಗಳು ನಮ್ಮ ಹುಡುಗಿ ಕೊನೆಯ ಸಲ ಬಂದ ವಾರಕ್ಕೇ ನಿಂತಿದ್ದವು. ಆ ಮನೆಯ ಸೊಸೆ ಮತ್ತೆ ಬಸುರಿ. ತಾಯಿ ಕಾರ್ಡ್ ಇಸಿದುಕೊಂಡು ನೋಡಿದೆ. ಹಿಮೋಗ್ಲೋಬಿನ್ 8.6. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಆಶಾ ಅಕ್ಕ, ಅಂದರೆ ಆ ಊರಿನ ಆಶಾ ಕಾರ್ಯಕರ್ತೆ, ಬಾಗಿಲಲ್ಲಿ ನಿಂತು, "ಮತ್ತ ಯಾವಾಗ ಬರ್ತೀರಿ ಮೇಡಂ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಈ ತರಬೇತಿಯ ವಿಷಯ ಗೊತ್ತಾಯಿತು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಹಿಂದಿನ ಸಂಶೋಧನೆ ಮುಗಿದ ಮೇಲೆ ಆ ಊರಲ್ಲಿ ಏನು ಉಳಿಯಿತು? ಬಹಳ ಹೊತ್ತು ಯೋಚಿಸಿದೆ. ಕೊನೆಗೆ "ಗೋಡೆಯ ಮೇಲೆ ಒಂದು ಕ್ಯಾಲೆಂಡರ್" ಅಂತ ಬರೆದು ಕಳಿಸಿದೆ.

ಮೊದಲ ದಿನ ನಮ್ಮ ಗುರುಗಳು ಒಂದು ಹಳೆಯ ಕಥೆಯಿಂದ ಶುರು ಮಾಡಿದರು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಸ್ಕರ್ವಿ ಬಂದ 12 ಜನ ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ನಿಂಬೆಹಣ್ಣು ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ನಡುವೆ 48 ವರ್ಷ. ಆಮೇಲೆ ಹತ್ತಿರದ ಕಾಲದ ಲೆಕ್ಕ ಹೇಳಿದರು. ಬಾಲಾಸ್ ಮತ್ತು ಬೋರೆನ್ ಎಂಬ ಇಬ್ಬರು 2000ದಲ್ಲಿ ಬರೆದದ್ದು: ವೈದ್ಯಕೀಯ ಸಂಶೋಧನೆಯಲ್ಲಿ ನೂರಕ್ಕೆ 14 ಪಾಲು ರೋಗಿಯ ಉಪಯೋಗಕ್ಕೆ ಬರಲು 17 ವರ್ಷ ಬೇಕಾಗುತ್ತದೆ.

ನಾನು ನನ್ನ ವಿಷಯದ ಲೆಕ್ಕ ಹಾಕುತ್ತ ಕೂತಿದ್ದೆ. ನಮ್ಮ ದೇಶದಲ್ಲಿ ರಕ್ತಹೀನತೆಗೆ ಕಬ್ಬಿಣದ ಗುಳಿಗೆ ಹಂಚುವ ಸರ್ಕಾರಿ ಕಾರ್ಯಕ್ರಮ ಶುರುವಾಗಿದ್ದು 1970ರಲ್ಲಿ. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಬಂತು. ಬಸುರಿ ಹೆಣ್ಣುಮಗಳು ನಾಲ್ಕನೇ ತಿಂಗಳಿಂದ 180 ದಿನ ದಿನಕ್ಕೊಂದು ಗುಳಿಗೆ ತಗೊಳ್ಳಬೇಕು. ಗುಳಿಗೆ ಪುಕ್ಕಟೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ. 180 ದಿನ ಗುಳಿಗೆ ತಗೊಂಡವರು ನೂರಕ್ಕೆ 26 ಮಾತ್ರ. ಈ ಅಂಕಿಗಳನ್ನು ನಾನೇ ಎಷ್ಟೋ ಸಲ ಪೇಪರಿನ ಮೊದಲ ಪ್ಯಾರಾದಲ್ಲಿ ಬರೆದಿದ್ದೆ. ಬರೆದು, ಮುಂದಿನ ಪ್ಯಾರಾದಲ್ಲಿ ಗುಳಿಗೆ ಕೆಲಸ ಮಾಡುತ್ತದೆ ಅಂತ ಮತ್ತೊಮ್ಮೆ ಸಾಬೀತು ಮಾಡಲು ಹೊರಡುತ್ತಿದ್ದೆ.

ತರಗತಿಯಲ್ಲಿ ನಾವು 16 ಜನ. ಡಾಕ್ಟರುಗಳು, ನರ್ಸಿಂಗ್ ಕಾಲೇಜಿನ ಮೇಡಂಗಳು, ಒಬ್ಬರು ಮನಃಶಾಸ್ತ್ರದವರು, ಕೃಷಿ ವಿಸ್ತರಣೆಯಲ್ಲಿ ಕೆಲಸ ಮಾಡಿದ ಒಬ್ಬ ಸರ್. ಎರಡನೇ ತರಗತಿಯಲ್ಲಿ ಈ ಕೃಷಿ ಸರ್ ಮಾತಾಡಿದ್ದು ನನಗೆ ಬಹಳ ಹಿಡಿಸಿತು. ಹೊಸ ವಿಷಯ ಜನರಲ್ಲಿ ಹೇಗೆ ಹಬ್ಬುತ್ತದೆ ಅನ್ನುವ ಅಧ್ಯಯನದ ಬೇರು ಇರುವುದೇ ಹೊಲದಲ್ಲಿ ಅಂದರು. ಅಮೆರಿಕದ ಅಯೋವಾದಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 259 ರೈತರನ್ನು ಮಾತಾಡಿಸಿ, ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹಬ್ಬಿತು ಅಂತ 1943ರಲ್ಲಿ ಬರೆದರು. ಬೀಜದ ಸುದ್ದಿ ಮೊದಲು ತಂದವರು ಮಾರಾಟದವರು. ಆದರೆ ರೈತ ನಂಬಿ ಬಿತ್ತಿದ್ದು ಪಕ್ಕದ ಹೊಲದವನ ಬೆಳೆ ನೋಡಿ. ನಮ್ಮ ಧಾರವಾಡದಲ್ಲೇ ಕೃಷಿ ವಿಜ್ಞಾನಿ ಕಾಟರಕಿಯವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹಳ್ಳಿಹಳ್ಳಿಗೆ ಹೋಯಿತಲ್ಲ, ಅದನ್ನೂ ನೆನಪಿಸಿದರು. ನಾನು ರಾಣೆಬೆನ್ನೂರು ಕಡೆಯವಳು. ಹತ್ತಿ ಬೀಜದ ಕ್ರಾಸಿಂಗ್ ಕೆಲಸ ನೋಡುತ್ತಲೇ ಬೆಳೆದವಳು. ಅಪ್ಪ ಹೊಸ ಬೀಜ ತರುವ ಮೊದಲು ಒಂದು ವರ್ಷ ಸುಮ್ನೆ ಪಕ್ಕದ ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಆಗ ಅದು ಹಿಂಜರಿಕೆ ಅಂತ ನನಗೆ ಅನ್ನಿಸುತ್ತಿತ್ತು. ಅಪ್ಪ ಅಲ್ಲಿ ಏನೇನು ತೂಗಿ ನೋಡುತ್ತಿದ್ದ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಗುಳಿಗೆ ನುಂಗದ ಹೆಣ್ಣುಮಕ್ಕಳನ್ನೂ ಹಾಗೆಯೇ ಕೇಳದೆ ಬಿಟ್ಟಿದ್ದೆ.

ಮೂರನೇ ತರಗತಿಗೆ ಎಲ್ಲರೂ ತಮ್ಮ ತಮ್ಮ ಯೋಜನೆಯ ಕರಡು ತರಬೇಕಿತ್ತು. ಗುರುಗಳು ಎಲ್ಲವನ್ನೂ ಓದಿ ಒಂದೇ ಮಾತು ಹೇಳಿದರು. "ಜಾಗೃತಿ ಅನ್ನೋ ಶಬ್ದ ತೆಗೆದು ಮತ್ತೆ ಬರ್ಕೊಂಡು ಬರ್ರಿ." 16ರಲ್ಲಿ 13 ಕರಡುಗಳಲ್ಲಿ ಪರಿಹಾರ ಅಂತ ಇದ್ದದ್ದು ಜಾಗೃತಿ ಮೂಡಿಸುವುದು ಇಲ್ಲವೇ ತರಬೇತಿ ಕೊಡುವುದು. ನನ್ನದರಲ್ಲಿ ಆ ಶಬ್ದ ಒಂಬತ್ತು ಸಲ ಇತ್ತು. ಗೊತ್ತಿರುವ ಕೆಲಸವನ್ನು ಜಾರಿಗೆ ತರಲು ಎಷ್ಟು ಬಗೆಯ ತಂತ್ರಗಳಿವೆ ಅಂತ ಈ ಕ್ಷೇತ್ರದ ತಜ್ಞರು 2015ರಲ್ಲಿ ಒಂದು ಪಟ್ಟಿ ಮಾಡಿದ್ದಾರೆ. ಒಟ್ಟು 73. ತಿಳಿವಳಿಕೆ ಕೊಡುವುದು ಅದರಲ್ಲಿ ಒಂದು ಸಣ್ಣ ಗುಂಪು ಅಷ್ಟೇ. ಯಾವುದನ್ನೇ ಆರಿಸಿಕೊಂಡರೂ ಬಿಡಿಸಿ ಬರೆಯಬೇಕು: ಯಾರು ಮಾಡುತ್ತಾರೆ, ಏನು ಮಾಡುತ್ತಾರೆ, ಯಾರಿಗೆ, ಯಾವ ಹೊತ್ತಿಗೆ, ಎಷ್ಟು ಸಲ, ಅದರಿಂದ ಏನು ಬದಲಾಗಬೇಕು. ಜಾಗೃತಿ ಅನ್ನುವ ಶಬ್ದ ಇದ್ದರೆ ಇದ್ಯಾವುದನ್ನೂ ಬರೆಯುವ ಗೋಜೇ ಇರುವುದಿಲ್ಲ, ಅಲ್ವಾ? ಆ ವಾರ ನಾನು ಕರಡನ್ನು ನಾಲ್ಕು ಸಲ ತಿದ್ದಿದೆ. ಸಮಸ್ಯೆ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ ಅನ್ನುವುದು ನಾಲ್ಕನೇ ಸಲಕ್ಕೆ ಗೊತ್ತಾಯಿತು.

ಮುಂದಿನ ತರಗತಿಯಲ್ಲಿ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ಗುಳಿಗೆಯ ದಾರಿ ಬರೆಯಿರಿ ಅಂದರು. ನಾನು ಬರೆದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕೋಣೆ, ಉಪಕೇಂದ್ರ, ಆಶಾ ಅಕ್ಕನ ಚೀಲ, ಮನೆ. ಮನೆಗೆ ಬಂದು ಬಾಣ ನಿಲ್ಲಿಸಿದೆ. ಗುರುಗಳು ಬಗ್ಗಿ ನೋಡಿ "ಮುಂದ?" ಅಂದರು. ಬಾಯಿ ಅಂತ ಬರೆದೆ. "ಮನಿಯಿಂದ ಬಾಯಿಗೆ ನಡುವೆ ಏನೂ ಇಲ್ಲೇನು?" ನನ್ನ ಬಾಣ ಅಲ್ಲಿ ನೆಟ್ಟಗೆ, ಒಂದೇ ಗೆರೆಯಲ್ಲಿ ಇತ್ತು.

ಹಾಳೆ ಸುತ್ತಿಕೊಂಡು ಮುಂಡರಗಿ ಕಡೆ ಹೋದೆ. ಈ ಸಲ ಕೇಳುವ ಪ್ರಶ್ನೆ ಬೇರೆ. ಮುಂಚೆ "ಗುಳಿಗಿ ತಗೊಂತೀರೇನು?" ಅಂತ ಕೇಳುತ್ತಿದ್ದೆ. ಎಲ್ಲರೂ "ಹೂನ್ರಿ" ಅನ್ನುತ್ತಿದ್ದರು. ಈಗ "ನಿನ್ನೆ ದಿನ ಹೆಂಗ ಕಳೀತು, ಎದ್ದಾಗಿಂದ ಹೇಳ್ರಿ" ಅಂತ ಕೇಳಬೇಕು ಅಂತ ಕಲಿಸಿದ್ದರು.

ಒಂದು ಮನೆಯಲ್ಲಿ ಐದು ತಿಂಗಳ ಚೊಚ್ಚಲ ಬಸುರಿ ಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಹೇಳಿದಳು. ನಸುಕಿನಲ್ಲಿ ಎದ್ದದ್ದು, ಅಂಗಳ ಗುಡಿಸಿದ್ದು, ನೀರು ತಂದದ್ದು. ಆಮೇಲೆ ಒಂದು ಬಸಿ ಚಹಾ. ಚಹಾದ ಜೊತೆಗೇ ಗುಳಿಗೆ, ಯಾಕಂದರೆ ಅದೊಂದೇ ಹೊತ್ತು ಅವಳು ಕೂರುವುದು. ಖಾಲಿ ಹೊಟ್ಟೆ. ಆಮೇಲೆ ರೊಟ್ಟಿ ಬಡಿಯಲು ಒಲೆ ಮುಂದೆ ಕೂತರೆ ಹೊಟ್ಟೆ ತೊಳಸುತ್ತಿತ್ತು. ಮಲ ಕಪ್ಪಗಾಗಿ ಅಂಜಿಕೆ ಬಂತು. ಒಂಬತ್ತು ದಿನಕ್ಕೆ ಬಿಟ್ಟಳು. ಎದ್ದು ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಸ್ಟೀಲ್ ಡಬ್ಬಿ ತಂದು ತೆರೆದು ತೋರಿಸಿದಳು. ಕಸೂತಿ ದಾರ, ಎರಡು ಪಿನ್ನು, ಅದರ ಕೆಳಗೆ ಗುಳಿಗೆ ಹಾಳೆಗಳು. ಒಂದರಲ್ಲಿ ಒಂಬತ್ತು ತೆಗೆದು ಒಂದು ಉಳಿಸಿದ್ದಳು. ಒಗೆದಿರಲಿಲ್ಲ. "ಸರ್ಕಾರದ್ದು ಅಂತ ಇಟ್ಟೇನ್ರಿ ಅಕ್ಕಾರ" ಅಂದಳು. ಅತ್ತೆ ಪಕ್ಕದಿಂದ, "ಕೂಸು ಭಾಳ ದೊಡ್ಡದಾದ್ರ ಹಡಿಯಾಕ ತ್ರಾಸ ಆಕ್ಕೈತ್ರಿ" ಅಂದರು. ಅವರ ಮಾತಿನಲ್ಲಿ ಸೊಸೆಯ ಮೇಲಿನ ಕಾಳಜಿ ಎದ್ದು ಕಾಣುತ್ತಿತ್ತು.

ಚಹಾ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯೂ ಅಷ್ಟೇ, ಎರಡರ ನಡುವೆ ಎರಡು ತಾಸು ಬಿಡಬೇಕು. ಇದು ಪುಸ್ತಕದಲ್ಲಿದೆ. ಹಗಲೆಲ್ಲ ಹೊಲದಲ್ಲಿರುವ ಹೆಣ್ಣುಮಗಳಿಗೆ ಆ ಎರಡು ತಾಸು ಎಲ್ಲಿ ಸಿಗುತ್ತದೆ ಅನ್ನುವುದು ಪುಸ್ತಕದಲ್ಲಿಲ್ಲ. ಅವಳೇ ಯೋಚಿಸಿ ಹೇಳಿದಳು: ರಾತ್ರಿ ಉಂಡು, ಭಾಂಡಿ ತೊಳೆದು, ಹಾಸಿಗೆ ಹಾಸುವ ಹೊತ್ತು. ಆಗ ಚಹಾ ಇಲ್ಲ, ಒಲೆ ಇಲ್ಲ. ಹೊಟ್ಟೆ ತೊಳಸಿದರೂ ಮಲಗಿಕೊಳ್ಳಬಹುದು. ಆಶಾ ಅಕ್ಕ ಅದನ್ನೇ ಉಳಿದ ಮನೆಗಳಲ್ಲೂ ಹೇಳಲು ಶುರು ಮಾಡಿದಳು. ಇವಳು ಮಾತ್ರ ಆವತ್ತಿನಿಂದ ತಪ್ಪಿಸಲಿಲ್ಲ.

ಇಷ್ಟಕ್ಕೇ ನನಗೆ ಉತ್ತರ ಸಿಕ್ಕಿತು ಅನ್ನಿಸಿತ್ತು. ಏಳನೇ ತಿಂಗಳಿಗೆ ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನನ್ನನ್ನೂ ಕರೆದಿದ್ದರು. ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ. ತವರಿನವರು ಬುತ್ತಿ ಕಟ್ಟಿಕೊಂಡು ಸವಣೂರು ಕಡೆಯಿಂದ ಟಂಟಂ ಮಾಡಿಕೊಂಡು ಬಂದಿದ್ದರು. ಉಡಿ ತುಂಬಿದರು, ಹಾಡಿದರು, ಹೋಳಿಗೆ ಊಟ ಆಯಿತು. ಅವಳನ್ನು ತವರಿಗೆ ಕರೆದುಕೊಂಡು ಹೊರಡುವ ಹೊತ್ತು. ಅವಳ ಚೀಲಕ್ಕೆ ಸೀರೆ, ಕೊಬ್ಬರಿ ಬಟ್ಟಲು, ಉಳಿದ ಕರ್ಚಿಕಾಯಿ ಎಲ್ಲ ತುಂಬಿದ್ದನ್ನು ನೋಡುತ್ತ ನಿಂತಿದ್ದೆ. ಸುಮ್ನೆ ಗೂಡಿನ ಕಡೆ ಕಣ್ಣು ಹೋಯಿತು. ಸ್ಟೀಲ್ ಡಬ್ಬಿ ಅಲ್ಲೇ ಇತ್ತು.

"ಗುಳಿಗಿ?" ಅಂದೆ.

ಅವಳ ತಾಯಿ, "ಅಲ್ಲಿ ನಮ್ಮೂರಾಗೂ ಕೊಡ್ತಾರಲ್ರಿ" ಅಂದರು. ಆಶಾ ಅಕ್ಕನನ್ನು ಕೇಳಿದೆ. "ನಾ ರಿಜಿಸ್ಟರ್‌ನ್ಯಾಗ ತವರಿಗೆ ಹೋಗ್ಯಾಳ ಅಂತ ಬರೀತೇನ್ರಿ. ಮುಂದ ಆ ಊರಿನವರು ನೋಡಿಕೊಂತಾರ." ಆ ಊರಿನ ಆಶಾ ಅಕ್ಕನಿಗೆ ಯಾರು ಹೇಳುತ್ತಾರೆ? ಯಾರೂ ಹೇಳುವುದಿಲ್ಲ. ತಪಾಸಣೆಗೆ ಹೋದಾಗ ಗೊತ್ತಾಗುತ್ತದೆ. ಆವತ್ತು ನಾವು ಡಬ್ಬಿಯನ್ನು ಚೀಲಕ್ಕೆ ಹಾಕಿ ಕಳಿಸಿದೆವು. ಆಮೇಲೆ ಬೇರೆ ಊರುಗಳಲ್ಲಿ ವಿಚಾರಿಸಿದೆ. ತವರಿಗೆ ಹೋದ ಎಷ್ಟೋ ಹೆಣ್ಣುಮಕ್ಕಳು ಒಂದು ತಿಂಗಳು, ಕೆಲವರು ಹಡೆಯುವ ತನಕ, ಎರಡು ರಿಜಿಸ್ಟರುಗಳ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಇದ್ದರು. ಕೂಸು ಭರ್ತಿ ಬೆಳೆಯುವ ಕಾಲ, ಹೆರಿಗೆಯಲ್ಲಿ ರಕ್ತ ಹೋಗುವುದಕ್ಕೆ ಮೈ ಗಟ್ಟಿ ಮಾಡಿಕೊಳ್ಳಬೇಕಾದ ಕಾಲ.

ಆ ರಾತ್ರಿ ಗದಗಿಗೆ ಬಂದು ನನ್ನ ಹಳೆಯ ಅಧ್ಯಯನದ ಕೋಷ್ಟಕಗಳನ್ನು ತೆಗೆದು ಕೂತೆ. ಅದರಲ್ಲಿ ಒಂದು ಸಾಲು: "ಅಧ್ಯಯನದಿಂದ ಹೊರಹೋದವರು, ಕಾರಣ: ಊರಲ್ಲಿಲ್ಲ." ಅವರನ್ನೆಲ್ಲ ಲೆಕ್ಕದಿಂದ ತೆಗೆದು ಉಳಿದವರ ಹಿಮೋಗ್ಲೋಬಿನ್ ಸರಾಸರಿ ಹಾಕಿದ್ದೆ. ನನ್ನ ಫಲಿತಾಂಶ ಚೆನ್ನಾಗಿ ಬಂದದ್ದು ಹಾಗೆ. ಊರಲ್ಲಿಲ್ಲದವರು ಎಲ್ಲಿದ್ದರು? ತವರಲ್ಲಿದ್ದರು. ಗುಳಿಗೆ ಎಲ್ಲಿ ತಪ್ಪುತ್ತದೆ ಅಂತ ನಾನು ಹುಡುಕುತ್ತಿದ್ದ ಜಾಗ ನನ್ನದೇ ಕೋಷ್ಟಕದಲ್ಲಿ ಇಷ್ಟು ವರ್ಷ ಇತ್ತು. ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇದಾದ ಮೇಲೆ ತರಬೇತಿಯ ಚೌಕಟ್ಟುಗಳು ನನಗೆ ಪರೀಕ್ಷೆಯ ಪಾಠದ ಹಾಗೆ ಅನ್ನಿಸಲಿಲ್ಲ. 1999ರಲ್ಲಿ ಬಂದ ರೀ-ಏಮ್ ಅನ್ನುವ ಚೌಕಟ್ಟು ಐದು ಮಾತು ಕೇಳುತ್ತದೆ. ಯಾರನ್ನು ಮುಟ್ಟಿತು, ಪರಿಣಾಮ ಏನಾಯಿತು, ಎಷ್ಟು ಜಾಗದವರು ಕೈಗೆತ್ತಿಕೊಂಡರು, ಹೇಳಿದ ಹಾಗೆ ನಡೆಯಿತೇ, ಉಳಿಯಿತೇ. ನಾನು ಇಷ್ಟು ವರ್ಷ ಉತ್ತರ ಕೊಟ್ಟದ್ದು ಎರಡನೆಯದಕ್ಕೆ ಮಾತ್ರ. ಇನ್ನೊಂದು ಚೌಕಟ್ಟು 2009ರ ಸಿಎಫ್ಐಆರ್. ಅದು ಒಳಗಿನ ವ್ಯವಸ್ಥೆ, ಹೊರಗಿನ ವ್ಯವಸ್ಥೆ, ಜನ ಎಲ್ಲವನ್ನೂ ಬೇರೆ ಬೇರೆ ನೋಡಲು ಕಲಿಸುತ್ತದೆ. ಅದರ ಪಟ್ಟಿ ಬಹಳ ಉದ್ದ. ಎಲ್ಲವನ್ನೂ ಕೇಳಲು ಹೋದರೆ ಆಶಾ ಅಕ್ಕನ ಒಂದು ದಿನವೇ ಹಾಳು. ನಾನು ಆರು ಪ್ರಶ್ನೆ ಆರಿಸಿಕೊಂಡೆ. ಇನ್ನು ಚಿಕಿತ್ಸೆಯ ಪರಿಣಾಮ, ಅದನ್ನು ಜಾರಿಗೆ ತರುವ ದಾರಿ ಎರಡನ್ನೂ ಒಂದೇ ಅಧ್ಯಯನದಲ್ಲಿ ನೋಡುವ ಹೈಬ್ರಿಡ್ ವಿನ್ಯಾಸ ಅಂತ ಮೂರು ಬಗೆ, 2012ರಲ್ಲಿ ಬಂದದ್ದು. ಚಿಕಿತ್ಸೆ ಕೆಲಸ ಮಾಡುತ್ತದೆಯೇ ಅನ್ನುವುದಕ್ಕೆ ಒತ್ತು ಕೊಟ್ಟರೆ ಮೊದಲ ಬಗೆ. ಅದನ್ನು ಜಾರಿಗೆ ತರುವ ದಾರಿಗೆ ಒತ್ತು ಕೊಟ್ಟು, ಜೊತೆಗೆ ಆರೋಗ್ಯದ ಫಲವನ್ನೂ ಗಮನಿಸಿದರೆ ಮೂರನೆಯದು. ಕಬ್ಬಿಣದ ಗುಳಿಗೆಗೆ ಮೂರನೆಯದೇ ಸರಿ ಅಂತ ಗುರುಗಳೂ ನಾನೂ ಒಪ್ಪಿದೆವು.

ನನಗೆ ತೀರಾ ಕಷ್ಟವಾದದ್ದು ಬೇರೆ. ನಾನು ಒಂದು ಕ್ರಮ ಬರೆದಿದ್ದೆ. ಏಳನೇ ತಿಂಗಳ ಭೇಟಿಯಲ್ಲಿ ಆಶಾ ಅಕ್ಕ ಕುಬಸದ ದಿನ ಕೇಳಬೇಕು. ಹೆರಿಗೆ ತನಕ ಬೇಕಾಗುವ ಗುಳಿಗೆ ಒಂದೇ ಸಲ ಬಟ್ಟೆಯ ಚೀಲದಲ್ಲಿ ಹಾಕಿ ಬಸುರಿಯ ಕೈಗೆ ಕೊಡಬೇಕು. ತಾಯಿ ಕಾರ್ಡಿನ ಹಿಂದೆ ತವರೂರಿನ ಆಶಾ ಅಕ್ಕನ ನಂಬರ್ ಬರೆದು, ಅವಳಿಗೆ ಒಂದು ಫೋನ್ ಮಾಡಬೇಕು. ಇದನ್ನು ಆಶಾ ಅಕ್ಕಂದಿರ ತಿಂಗಳ ಸಭೆಯಲ್ಲಿ ಹದಿನೈದು ನಿಮಿಷ ಕೇಳಿಕೊಂಡು ಮುಂದಿಟ್ಟೆ. ಬೇರೆ ತರಬೇತಿ ಅಂತ ಅವರನ್ನು ಕರೆಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅವರ ತಲೆಯ ಮೇಲೆ ಈಗಾಗಲೇ ಎಷ್ಟು ಸಮೀಕ್ಷೆ, ಎಷ್ಟು ರಿಜಿಸ್ಟರ್ ಇವೆ ಅಂತ ಒಂದು ದಿನ ಅವರ ಜೊತೆ ಓಡಾಡಿದರೆ ಸಾಕು, ಗೊತ್ತಾಗುತ್ತದೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಆಶಾ ಅಕ್ಕ ಎದ್ದು ನಿಂತಳು. "ಬಸುರಿ ಕೈಯಾಗ ಕೊಡಬ್ಯಾಡ್ರಿ ಮೇಡಂ. ಆವತ್ತು ಆಕಿ ಕೈಯಾಗ ಏನೂ ಇರಂಗಿಲ್ಲ, ಎಲ್ಲಾ ಆಕಿ ಅವ್ವನ ಕೈಯಾಗ ಇರ್ತೈತಿ. ಉಡಿ ತುಂಬೂ ಹೊತ್ತಿನ್ಯಾಗ ಅವ್ವನ ಕೈಗೆ ಕೊಡ್ರಿ. ಅತ್ತಿ ಎದುರಿಗೇ ಕೊಡ್ರಿ." ಇನ್ನೊಬ್ಬಳು ಬಟ್ಟೆ ಚೀಲ ಹಸಿರು ಇರಲಿ ಅಂದಳು. ಮೂರನೆಯವಳು, ಫೋನ್ ನಾವು ಮಾಡುವುದಕ್ಕಿಂತ ಮಿಸ್ಡ್ ಕಾಲ್ ಕೊಟ್ಟು ಆ ಕಡೆಯವರೇ ಮಾಡುವ ಹಾಗೆ ಆಗಲಿ ಅಂದಳು. ನನ್ನ ಒಳಗಿನ ಹಳೆಯ ಸಂಶೋಧಕಿಗೆ ಇದು ಸಹಿಸುವುದು ಸುಲಭ ಇರಲಿಲ್ಲ. ಬರೆದಿಟ್ಟ ಕ್ರಮದಿಂದ ಒಂದಿಷ್ಟು ಸರಿದರೂ ಫಲಿತಾಂಶ ಕೆಡುತ್ತದೆ ಅಂತ ಕಲಿತು ಬಂದವಳು ನಾನು. ಶನಿವಾರ ಗುರುಗಳ ಮುಂದೆ ಇಟ್ಟೆ. ಅವರು ತಿರುಳು ಯಾವುದು, ಸಿಪ್ಪೆ ಯಾವುದು ಅಂತ ಬೇರೆ ಮಾಡಿಸಿದರು. ಗುಳಿಗೆ ಎಣಿಸಿ ಪೂರ್ತಿ ಕೊಡುವುದು, ಎರಡು ಊರಿನ ಆಶಾ ಅಕ್ಕಂದಿರು ಒಬ್ಬರಿಗೊಬ್ಬರು ತಿಳಿಸುವುದು, ಇವೆರಡು ತಿರುಳು. ಇವನ್ನು ಬದಲಿಸುವ ಹಾಗಿಲ್ಲ. ಯಾರ ಕೈಗೆ, ಯಾವ ಬಣ್ಣದ ಚೀಲ, ಫೋನ್ ಯಾರು ಮಾಡಬೇಕು ಅನ್ನುವುದನ್ನು ಊರಿಗೆ ತಕ್ಕ ಹಾಗೆ ಬದಲಿಸಿಕೊಳ್ಳಬಹುದು. ಬದಲಿಸಿದ್ದನ್ನು ಬರೆದಿಡಬೇಕು, ಅಷ್ಟೇ. ಈಗ ಆ ಬದಲಾವಣೆಗಳ ನೋಟ್‌ಬುಕ್ ನನ್ನ ಹತ್ತಿರ ಇರುವ ಅತ್ಯಂತ ಉಪಯುಕ್ತ ದಾಖಲೆ.

ಇನ್ನೊಂದು ತೊಡಕು ಔಷಧಿ ಕೋಣೆಯಲ್ಲಿ. ಒಂದು ತಿಂಗಳಿಗಿಂತ ಜಾಸ್ತಿ ಗುಳಿಗೆ ಒಂದೇ ಸಲ ಕೊಡುವ ರೂಢಿ ಅಲ್ಲಿ ಇರಲಿಲ್ಲ. ವೈದ್ಯಾಧಿಕಾರಿ ಎರಡು ಸಲ ಮಾತಾಡಿ, ತವರಿಗೆ ಹೋಗುವವರಿಗೆ ಮಾತ್ರ ಅಂತ ಒಂದು ಸಾಲು ಬರೆದು ಸಹಿ ಮಾಡಿದರು. ಆ ಒಂದು ಸಾಲಿಗೆ ಐದು ವಾರ ಹಿಡಿಯಿತು. ಯೋಜನೆಯ ಕಾಲಪಟ್ಟಿಯಲ್ಲಿ ನಾನು ಅದಕ್ಕೆ ಒಂದು ದಿನವನ್ನೂ ಇಟ್ಟಿರಲಿಲ್ಲ.

ಕೊನೆಯ ತರಗತಿಯಲ್ಲಿ ನಮ್ಮ ನಮ್ಮ ಯೋಜನೆಗಳನ್ನು ಅನುದಾನ ಕೊಡುವವರ ಮುಂದೆ ಇಟ್ಟ ಹಾಗೆ ಇಟ್ಟು ಸಮರ್ಥಿಸಿಕೊಳ್ಳಬೇಕಿತ್ತು. ನಾನು ಕುಬಸದ ಚೀಲದ ಫೋಟೋ ತೋರಿಸಿ ಹೇಳಿ ಮುಗಿಸಿದೆ. ನರ್ಸಿಂಗ್ ಕಾಲೇಜಿನ ಮೇಡಂ ಒಬ್ಬರು ಕೈ ಎತ್ತಿದರು. "ಎರಡನೇ ಬಸುರಿಗೆ ಎಷ್ಟೋ ಜನ ತವರಿಗೆ ಹೋಗೋದಿಲ್ಲ, ಕುಬಸನೂ ಇರೋದಿಲ್ಲ. ಅವರಿಗೆ ಏನು? ತಾಂಡಾದಿಂದ ಕೆಲಸಕ್ಕೆ ಅಂತ ಗೋವಾ, ಮಂಗಳೂರಿಗೆ ಬಸುರಿ ಇದ್ದಾಗಲೇ ಗಂಡನ ಜೊತೆ ಹೋಗ್ತಾರಲ್ಲ, ಅವರಿಗೆ ಏನು?" ನನ್ನ ಡ್ರಾಯಿಂಗ್ ಹಾಳೆಯಲ್ಲಿ ಗೋವಾ ಇರಲಿಲ್ಲ. ಅದನ್ನು ಅಲ್ಲೇ ಒಪ್ಪಿಕೊಂಡೆ. ಗುರುಗಳು ಹಾಳೆಯ ಅಂಚಿಗೆ ಇನ್ನೊಂದು ಹಾಳೆ ಅಂಟಿಸಿ ಪೆನ್ಸಿಲ್ ನನ್ನ ಕೈಗೆ ಕೊಟ್ಟರು.

ತರಬೇತಿ ಮುಗಿದು ನಾಲ್ಕು ತಿಂಗಳಾಯಿತು. ಎರಡು ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಹಸಿರು ಚೀಲ ಓಡಾಡುತ್ತಿದೆ. ಈ ಸಲ ನಮ್ಮ ಹುಡುಗಿಯರು ಯಾರೂ ಇಲ್ಲ. ಗುಳಿಗೆ ಎಣಿಸುವವರು ಆಶಾ ಅಕ್ಕಂದಿರೇ, ಹೇಗೂ ಅವರು ಮಾಡುವ ಭೇಟಿಯಲ್ಲೇ. ಫೋನ್ ಎಲ್ಲ ಸಲ ಆಗುವುದಿಲ್ಲ. ಕೆಲವು ಸಲ ನಂಬರ್ ಸಿಗುವುದಿಲ್ಲ, ಕೆಲವು ತವರೂರಲ್ಲಿ ಆಶಾ ಅಕ್ಕನ ಜಾಗ ಖಾಲಿ ಇದೆ. ಅದನ್ನೂ ಬರೆದಿಡುತ್ತಿದ್ದೇವೆ. ಈ ಸಲ ಊರಲ್ಲಿಲ್ಲದವರ ಸಾಲನ್ನು ಕೋಷ್ಟಕದ ಮೊದಲಿಗೇ ಹಾಕಿದ್ದೇನೆ.

ಹೋದ ವಾರ ಸವಣೂರು ಕಡೆಯ ಒಬ್ಬ ಆಶಾ ಅಕ್ಕ ಫೋನ್ ಮಾಡಿದ್ದಳು. "ನಿಮ್ಮ ಕಡೆಯಾಕಿ ಇನ್ನೊಬ್ಬಾಕಿ ಬಂದಾಳ್ರಿ ಮೇಡಂ, ಹಸಿರು ಚೀಲದಾಕಿ. ಎಣಿಸೇನಿ, ಐವತ್ತೆರಡು ಅದಾವ." ತಾರೀಖು ಬರೆದುಕೊಂಡೆ. ಸೋಮವಾರ ತಾಂಡಾಕ್ಕೆ ಹೋಗುತ್ತಿದ್ದೇನೆ. ಗೋವಾಕ್ಕೆ ಹೋಗುವವರು ಯಾವ ತಿಂಗಳು, ಯಾವ ಬಸ್ಸಿಗೆ ಹೊರಡುತ್ತಾರೆ, ಹೊರಡುವ ದಿನ ಚೀಲ ಕಟ್ಟುವವರು ಯಾರು ಅಂತ ಕೇಳಬೇಕು.